ಸವಣೂರ ರಿಂಗಿನ ಎಂಟು ಇಂಚು

ಹಗಲು ಊಟವಾದ ಮೇಲೆ ಹಿರೇಕೆರೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರೆ ನನಗೆ ಒಂದು ಚೆಂಡು ಕಾಣುತ್ತದೆ. ಕಣ್ಣು ಮುಚ್ಚಿರುವುದಿಲ್ಲ, ನಿದ್ದೆಯೂ ಬಂದಿರುವುದಿಲ್ಲ. ಒಬ್ಬ ಹುಡುಗಿಯ ಕೈ ಬಿಟ್ಟು ಚೆಂಡು ಮೇಲೆ ಹೋಗುತ್ತದೆ, ರಿಂಗಿನ ಹಲಗೆಯನ್ನು ದಾಟಿ ಹೋಗುತ್ತದೆ, ಅದರ ಹಿಂದಿನ ಬೇವಿನ ಮರದ ತುದಿಗೆ ಸಮನಾಗಿ ಒಂದು ಗಳಿಗೆ ನಿಲ್ಲುತ್ತದೆ. ಅದು ಕೆಳಗೆ ಬರುವುದನ್ನು ಮಾತ್ರ ನಾನು ನೋಡುವುದಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಯಾವುದೋ ಟ್ರ್ಯಾಕ್ಟರ್ ಹಾದುಹೋಗುತ್ತದೆ.

ಮೂವತ್ತನಾಲ್ಕು ವರ್ಷ ನಾನು ಪಿ.ಟಿ. ಮಾಸ್ತರನಾಗಿದ್ದೆ. ಹಾನಗಲ್ಲ, ಸವಣೂರು, ಶಿಗ್ಗಾಂವ, ಹಿರೇಕೆರೂರು, ಈ ನಾಲ್ಕು ತಾಲ್ಲೂಕು ಬಿಟ್ಟು ಹೊರಗೆ ಕೆಲಸ ಮಾಡಿದವನಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಒಮ್ಮೊಮ್ಮೆ ಮನೆಗೆ ಬಂದು, "ಸರ್, ನಮಗ ಏನರ ಹೇಳ್ರಿ" ಅನ್ನುತ್ತಾರೆ. "ಒಂದು ಟೇಪ್ ಇಟ್ಟುಕೊಳ್ರಿ" ಅನ್ನುತ್ತೇನೆ. ಅವರು ನಗುತ್ತಾರೆ. ಯಾಕೆ ಹಾಗೆ ಹೇಳುತ್ತೇನೆ ಎಂಬುದನ್ನು, ಕಂಡದ್ದನ್ನು ಕಂಡ ಕ್ರಮದಲ್ಲಿ, ಇಲ್ಲಿ ಬರೆದಿಡುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಅನ್ನುತ್ತೇನೆ.

ಮೊದಲ ನೇಮಕ ಹಾನಗಲ್ಲ ತಾಲ್ಲೂಕಿನ ಒಂದು ಪ್ರೌಢಶಾಲೆಗೆ. ಅಲ್ಲಿ ಒಂದೇ ಒಂದು ಬಾಸ್ಕೆಟ್‌ಬಾಲ್ ಇತ್ತು, ಅದೂ ಹೆಡ್ ಮಾಸ್ತರರ ಕಪಾಟಿನೊಳಗೆ, ಬೀಗ ಹಾಕಿ. ಕೇಳಿದರೆ, "ಆಡಿದ್ರ ಸವೀತೈತ್ರಿ ಅದು" ಅನ್ನುತ್ತಿದ್ದರು. ತಪಾಸಣೆಗೆ ಬಂದ ಸಾಹೇಬರು ಆ ಚೆಂಡನ್ನು ಕೈಯಲ್ಲಿ ಹೊರಳಿಸಿ ನೋಡಿ, "ಭಾಳ ಚಲೋ ಇಟ್ಟೀರಿ" ಎಂದರು. ನಾನು ಮಕ್ಕಳಿಗೆ ಕಲಿಸಿದ್ದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಚ್ಚಿಸಿದ ಒಂದು ಹಳೆಯ ಫುಟ್‌ಬಾಲಿನಿಂದ. ಗೋಡೆಯ ಮೇಲೆ ಸುಣ್ಣದಿಂದ ಒಂದು ಸುತ್ತು ಬರೆದು, ಅದನ್ನೇ ರಿಂಗು ಅಂದುಕೊಳ್ಳಲು ಹೇಳುತ್ತಿದ್ದೆ. ಮಕ್ಕಳು ಅಂದುಕೊಳ್ಳುತ್ತಿದ್ದರು. ಹೇಳಿದ್ದನ್ನು ಮಕ್ಕಳು ಎಷ್ಟು ಸುಲಭವಾಗಿ ನಂಬುತ್ತಾರೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಸವಣೂರಿಗೆ ವರ್ಗವಾದ ವರ್ಷ ನಮ್ಮ ಶಾಲೆಗೆ ಎರಡು ಕಬ್ಬಿಣದ ಕಂಬ, ಎರಡು ಹಲಗೆ, ಎರಡು ರಿಂಗು ಬಂದವು. ಎರಡೂ ಕಡೆ ಕಂಬವಿದ್ದ ಇನ್ನೊಂದು ಅಂಗಳ ಈ ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ಆಗ ಇರಲಿಲ್ಲ, ನಾನು ಕಂಡಂತೆ. ಅಂಗಳ ಎರೆಮಣ್ಣಿನದು. ಒಂದು ಮಳೆ ಬಿದ್ದರೆ ಎರಡು ದಿನ ಕಾಲಿಡುವಂತಿರಲಿಲ್ಲ.

ಹೆಡ್ ಮಾಸ್ತರರು ದೊಡ್ಡ ಮನಸ್ಸಿನವರು, ಮಾತು ಕೊಡುವುದರಲ್ಲಿ. "ಮಾಸ್ತರ, ಮ್ಯಾಲೆ ಎಂಟು ಇಂಚು ಗರಸು ಹಾಕಿಸ್ತೇನಿ. ಆ ಲೆಕ್ಕದಾಗ ಕಂಬ ನಿಲ್ಲಸ್ರಿ" ಎಂದರು. ಗರಸು ಅಂದರೆ ನೀರು ನಿಲ್ಲದ ಕೆಂಪು ಗಟ್ಟಿ ಮಣ್ಣು. ನೆಲದಿಂದ ರಿಂಗಿಗೆ ಹತ್ತು ಅಡಿ ಇರಬೇಕೆಂಬುದು ನಿಯಮ. ಮುಂದೆ ನೆಲ ಎಂಟು ಇಂಚು ಏರುವುದಿತ್ತಲ್ಲ, ನಾನು ಹತ್ತು ಅಡಿ ಎಂಟು ಇಂಚಿಗೆ ರಿಂಗು ಬರುವಂತೆ ಅಳೆದು, ಕಂಬ ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟ್ ಹಾಕಿಸಿದೆ. ಹುಬ್ಬಳ್ಳಿಯಿಂದ ತಂದ ನನ್ನ ಉಕ್ಕಿನ ಟೇಪಿನಿಂದ ಮೂರು ಸಲ ಅಳೆದೆ. ಅಳತೆ ತಪ್ಪಿರಲಿಲ್ಲ.

ಗರಸು ಬಂತು. ಅದೇ ವಾರ ಯಾರೋ ದೊಡ್ಡ ಸಾಹೇಬರು ಶಾಲೆಗೆ ಬರುತ್ತಾರೆಂದು ಸುದ್ದಿಯೂ ಬಂತು. ಗರಸೆಲ್ಲ ಗೇಟಿನಿಂದ ಆಫೀಸಿನ ಬಾಗಿಲವರೆಗಿನ ದಾರಿಗೆ ಬಿತ್ತು. "ಅಂಗಳಕ್ಕ ಮುಂದಿನ ವರ್ಷ ನೋಡೂಣಂತ" ಎಂದರು ಹೆಡ್ ಮಾಸ್ತರರು. ಸಾಹೇಬರು ಬರಲಿಲ್ಲ. ಮುಂದಿನ ವರ್ಷದ ಗರಸೂ ಬರಲಿಲ್ಲ.

ಮೊದಲ ವರ್ಷ ಆ ಎಂಟು ಇಂಚು ನನಗೆ ದಿನಾಲೂ ನೆನಪಾಗುತ್ತಿತ್ತು. ಎರಡನೆಯ ವರ್ಷ ಆಗೊಮ್ಮೆ ಈಗೊಮ್ಮೆ. ಮೂರನೆಯ ವರ್ಷ ನಾನು ಅದನ್ನು ಮರೆತೆ.

ಫಕ್ಕೀರವ್ವ ಎಂಟನೆಯ ಇಯತ್ತೆಗೆ ಬಂದದ್ದು ಆ ಮೂರನೆಯ ವರ್ಷ. ಅವಳ ಅಪ್ಪ ಊರ ಹೊರಗಿನ ಎಲೆತೋಟದಲ್ಲಿ ವೀಳ್ಯದೆಲೆ ಕೊಯ್ಯುವ ಕೆಲಸದವನು. ಬೆಳಿಗ್ಗೆ ಅವನ ಜೊತೆ ಏಣಿ ಹತ್ತಿ ಇಳಿದು ಬರುತ್ತಿದ್ದ ಹುಡುಗಿ, ಕೈಯಲ್ಲಿ ಎಲೆಯ ಹಸಿ ವಾಸನೆ ಇರುತ್ತಿತ್ತು. ಮೊದಲ ಎರಡು ತಿಂಗಳು ಅವಳ ಚೆಂಡು ರಿಂಗಿಗೆ ಮುಟ್ಟಲಿಲ್ಲ. ಯಾರ ಚೆಂಡೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಉಳಿದವರು ಬೇಸತ್ತು ಕೊಕ್ಕೋ ಆಟಕ್ಕೆ ಹೋದರು. ಇವಳು ಹೋಗಲಿಲ್ಲ. ಮಂಡಿ ಬಗ್ಗಿಸಿ, ಬೆನ್ನಿನಿಂದ ಬಲ ಎತ್ತಿ, ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಕಳಿಸುವುದನ್ನು ತಾನೇ ಕಂಡುಕೊಂಡಳು. ನಾನು ಕಲಿಸಿದ್ದಲ್ಲ. ಚೆಂಡು ಹೋಗುತ್ತಿತ್ತು, ಬೇವಿನ ತುದಿಯ ಹತ್ತಿರ ನಿಲ್ಲುತ್ತಿತ್ತು. ನಿಲ್ಲುವುದಿಲ್ಲ ಎಂದು ನನಗೂ ಗೊತ್ತು, ಆದರೆ ನೋಡಿದವರೆಲ್ಲ ನಿಲ್ಲುತ್ತಿತ್ತು ಎಂದೇ ಹೇಳುತ್ತಾರೆ. ಆಮೇಲೆ ಮೇಲಿನಿಂದ ಯಾರೋ ದಾರ ಕಟ್ಟಿ ಇಳಿಸಿದ ಹಾಗೆ, ರಿಂಗಿನ ಅಂಚಿಗೂ ತಾಗದೆ ಒಳಗೆ ಬೀಳುತ್ತಿತ್ತು.

ನಾಲ್ಕೂ ತಾಲ್ಲೂಕಿನ ಪಂದ್ಯಗಳು ನಮ್ಮ ಅಂಗಳದಲ್ಲೇ ನಡೆಯುತ್ತಿದ್ದವು. ಹೊರಗಿನಿಂದ ಬಂದ ತಂಡಗಳ ಚೆಂಡು ರಿಂಗಿನ ಕೆಳಗೇ ಬಡಿದು ಮರಳುತ್ತಿದ್ದವು. "ಸವಣೂರ ರಿಂಗು ಫಕ್ಕೀರವ್ವನ ಮಾತಷ್ಟ ಕೇಳತೈತಿ" ಎಂದು ಜನ ಆಡಿಕೊಂಡರು. ಪಂದ್ಯದ ದಿನ ಕಡಲೆಹಿಟ್ಟಿನ ಕರಿದ ಖಾರಾ ಮಾರುವವರು ಬುಟ್ಟಿ ಹೊತ್ತು ಶಾಲೆಗೆ ಬರುತ್ತಿದ್ದರು. ಅವಳ ಚೆಂಡು ಊರ ಮಠದ ದೊಡ್ಡ ಹುಣಸೆಮರದಷ್ಟು ಎತ್ತರ ಹೋಗುತ್ತದೆ ಎಂದು ಮಠದ ಕಡೆಯ ಹಿರಿಯರು ಹೇಳುತ್ತಿದ್ದರು. ನಾನು ಎಲ್ಲ ಕೇಳಿ ಹೆಮ್ಮೆಪಡುತ್ತಿದ್ದೆ. ಯಾಕೆ ಬೇರೆಯವರ ಚೆಂಡು ಬೀಳುವುದಿಲ್ಲ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಗ ರಾಜ್ಯ ತಂಡದ ಆಯ್ಕೆಗೆ ಕರೆ ಬಂತು. ಆಗ ನಮ್ಮದು ಧಾರವಾಡ ಜಿಲ್ಲೆ. ನಾನೇ ಬಸ್ಸಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋದೆ. ಅವಳು ಜೀವಮಾನದಲ್ಲಿ ಮೊದಲ ಸಲ ಸಿಮೆಂಟಿನ ಅಂಗಳ ನೋಡಿದಳು. ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು, "ಸರ್, ನೆಲಾ ಬಿಸಿ ಐತಿ" ಎಂದು ನಕ್ಕಳು. ಹತ್ತು ಚೆಂಡು ಹಾಕಿಸಿದರು. ಎಲ್ಲವೂ ಎತ್ತರ ಹೋದವು. ಎಂಟು ಚೆಂಡು ರಿಂಗು ದಾಟಿ ಹಲಗೆಗೆ ಬಡಿದು ಮರಳಿದವು. ಎರಡು ಬಿದ್ದವು. ಆಯ್ಕೆಗಾರರು ಪಟ್ಟಿಯ ಮೇಲೆ ಒಂದು ಗೀಟು ಎಳೆದರು.

ಮರಳುವಾಗ ಬಸ್ಸು ಸವಣೂರು ಮುಟ್ಟುವ ಮೊದಲೇ ನನಗೆ ಗೊತ್ತಾಯಿತು. ಆ ಎಂಟೂ ಚೆಂಡು ಒಂದೇ ರೀತಿ, ಒಂದೇ ಅಳತೆಯಷ್ಟು ಹೆಚ್ಚಾಗಿ ಹೋಗಿದ್ದವು. ಟೇಪು ನನ್ನ ಚೀಲದಲ್ಲೇ ಇತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು, "ಸರ್, ಯಾಕ ಹಿಂಗಾತ್ರಿ?"

ನಾನು ಹೇಳಿದ್ದು ಇಷ್ಟು: "ಅಂಜಿಬಿಟ್ಟಿ ನೀ."

ಅವಳು ಹೂಂ ಎಂದಳು. ಮರುದಿನದಿಂದ ಅಂಗಳಕ್ಕೆ ಬರಲಿಲ್ಲ. ನಾನೂ ರಿಂಗು ಇಳಿಸಲಿಲ್ಲ, ಇಳಿಸಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಮುಂದೆ ನಾನು ಶಿಗ್ಗಾಂವಿಗೆ, ಆಮೇಲೆ ಹಿರೇಕೆರೂರಿಗೆ ಬಂದೆ. ಆ ವರ್ಷಗಳಲ್ಲಿ ಆಟದ ರೀತಿಯೇ ಬದಲಾಯಿತು. ಇಪ್ಪತ್ತು ನಿಮಿಷದ ಎರಡು ಅರ್ಧ ಹೋಗಿ ಹತ್ತು ನಿಮಿಷದ ನಾಲ್ಕು ಭಾಗ ಬಂತು. ಬರಿಗಾಲಿನ ಹುಡುಗಿಯರ ಕಾಲಿಗೆ ಬೂಟು ಬಂದವು. ಕೊನೆಕೊನೆಗೆ ಮಕ್ಕಳು ತಮ್ಮ ಆಟವನ್ನು ಫೋನಿನಲ್ಲಿ ಹಿಡಿದು, ನಿಧಾನಕ್ಕೆ ಓಡಿಸಿ, ನನಗೇ ತೋರಿಸಿ ತಪ್ಪು ಹೇಳತೊಡಗಿದರು. ನಾನು ಮಾತ್ರ ಪ್ರತಿ ವರ್ಷ ಶಾಲೆ ಶುರುವಾಗುವಾಗ ಏಣಿ ಹತ್ತಿ ರಿಂಗು ಅಳೆಯುತ್ತಿದ್ದೆ. ಒಬ್ಬ ಮೇಲಧಿಕಾರಿ ಅದನ್ನು ಕಂಡು, "ಏನ್ರಿ, ಸರ್ವೇ ಖಾತೆಯವರೇನ್ರಿ ನೀವು?" ಎಂದು ಎಲ್ಲರೆದುರು ನಗಿಸಿದರು. ನಾನೂ ನಕ್ಕೆ. ಏಣಿಯಿಂದ ಇಳಿದು, ಅದನ್ನು ಇನ್ನೊಂದು ರಿಂಗಿನ ಕೆಳಗೆ ಹೊತ್ತೊಯ್ದೆ.

ಇನ್ನು ಭೂಮಿಕಾಳ ವಿಷಯ. ಹಂಸಭಾವಿಯ ಹುಡುಗಿ, ಈಗ ಹದಿನಾರು ವರ್ಷ. ಅವಳ ಶಾಲೆಯ ಪಿ.ಟಿ. ಟೀಚರ್ ಶಿಲ್ಪಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಕರೆದಾಗ ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಹೋಗಿ ನೋಡಿದೆ. ಭೂಮಿಕಾ ಚೆಂಡನ್ನು ಎತ್ತರ ಕಳಿಸುವುದಿಲ್ಲ. ಹಣೆಯ ಮುಂದಿನಿಂದ ಒಂದೇ ಎಸೆತ, ಕೈಯಿಂದ ರಿಂಗಿಗೆ ಒಂದು ಸಣ್ಣ ಬಾಗಿದ ಗೆರೆ. ನೋಡುವವರು ಉಸಿರು ಬಿಡುವುದರೊಳಗೆ ಚೆಂಡು ಬಲೆಯೊಳಗಿರುತ್ತದೆ. ಆ ವರ್ಷ ತಾಲ್ಲೂಕಿನ ಪಂದ್ಯದಲ್ಲಿ ಅವಳನ್ನು ತಡೆಯುವವರೇ ಇರಲಿಲ್ಲ.

ಪಂದ್ಯ ನೋಡಲು ಬಂದ ಹಳಬರು ಮಾತ್ರ ತಲೆ ಅಲ್ಲಾಡಿಸಿದರು. "ಚಲೋ ಆಡ್ತಾಳ ಬಿಡ್ರಿ. ಆದ್ರ ಫಕ್ಕೀರವ್ವನ ಚೆಂಡು ನೋಡಿದ ಕಣ್ಣಿಗೆ ಇದು ಹಿಡಸಂಗಿಲ್ಲ." ಒಬ್ಬ ಪತ್ರಕರ್ತ ನನ್ನ ಕಡೆ ಬಂದು, "ಸರ್, ಇಬ್ಬರನ್ನೂ ನೋಡಿದವರು ನೀವು. ಇವಳು ಮತ್ತೊಬ್ಬ ಫಕ್ಕೀರವ್ವ ಆಗ್ತಾಳೇನ್ರಿ?" ಎಂದು ಕೇಳಿದ. ಆ ಹೊತ್ತು ಸಂಜೆಯ ಬಿಸಿಲು ಅಂಗಳದ ಮೇಲೆ ಉದ್ದಕ್ಕೆ ಬಿದ್ದಿತ್ತು, ಧೂಳು ಬಂಗಾರದ ಹಾಗೆ ಮೇಲೇಳುತ್ತಿತ್ತು. ನನ್ನ ಕಣ್ಣಿಗೆ ಆ ಹಳೆಯ ಚೆಂಡು ಬಂತು. "ಫಕ್ಕೀರವ್ವನ ಹಂಗ ಎತ್ತರ ಹಾಕಿದ್ರ, ಆದಾಳು" ಎಂದೆ. ಅದೇ ಪತ್ರಿಕೆಯಲ್ಲಿ ಬಂತು, ನನ್ನ ಭಾವಚಿತ್ರದ ಸಮೇತ.

ಇದು ನನ್ನ ಎರಡನೆಯ ತಪ್ಪು. ಮೊದಲನೆಯದು ಮರೆವಿನದು. ಇದು ಕನಸಿನದು.

ಮೂರು ವಾರದ ನಂತರ ಶಿಲ್ಪಾ ಫೋನ್ ಮಾಡಿದಳು. "ಸರ್, ಹುಡುಗಿ ಕೈ ಕೆಟ್ಟೈತ್ರಿ. ಬರೂ ಶನಿವಾರ ಹಾವೇರಿಯೊಳಗ ಆಯ್ಕೆ ಐತಿ. ಒಂದು ಚೆಂಡೂ ಬೀಳವಲ್ದು."

ಹೋದೆ. ಭೂಮಿಕಾ ಮಂಡಿ ಬಗ್ಗಿಸಿ, ಬೆನ್ನಿನಿಂದ ಬಲ ಎತ್ತಿ, ಚೆಂಡನ್ನು ಆಕಾಶಕ್ಕೆ ಕಳಿಸುತ್ತಿದ್ದಳು. ಎಲ್ಲ ಚೆಂಡು ರಿಂಗು ದಾಟಿ ಹಲಗೆಗೆ ಬಡಿದು ಮರಳುತ್ತಿದ್ದವು.

"ಹಿಂಗ ಯಾಕ ಹಾಕಾಕತ್ತೀಯವ್ವಾ?" ಎಂದೆ.

"ನೀವ ಪೇಪರಿನ್ಯಾಗ ಹೇಳಿದ್ರಲ್ರಿ ಸರ್" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಮೆಲ್ಲಗೆ, "ನಾ ಅಂಜಾಕತ್ತೇನಿ ಅನಸ್ತೈತ್ರಿ" ಎಂದಳು.

ಆ ಮಾತು ಕೇಳಿದ ಮೇಲೆ ನಾನು ಮನೆಗೆ ಹೋಗಲಿಲ್ಲ. ಅವಳಿಗೆ ನಿಜ ಹೇಳುವ ಮೊದಲು ಇನ್ನೊಬ್ಬಳಿಗೆ ಹೇಳಬೇಕಿತ್ತು. ಸವಣೂರಿನ ಬಸ್ಸು ಹತ್ತಿದೆ.

ಫಕ್ಕೀರವ್ವ ಮತ್ತು ಅವಳ ಗಂಡ ಬಸ್‌ಸ್ಟ್ಯಾಂಡಿನ ಹತ್ತಿರ ಖಾರಾ ಕರಿದು ಮಾರುತ್ತಾರೆ. ನಾನು ಹೋದಾಗ ಗಂಡ ಇರಲಿಲ್ಲ. ಅವಳು ಕಡಾಯಿಯ ಮುಂದೆ ನಿಂತಿದ್ದಳು, ಮೊಣಕೈವರೆಗೆ ಕಡಲೆಹಿಟ್ಟು. ಐವತ್ತರ ಹತ್ತಿರದ ಹೆಂಗಸು, ಕೂದಲು ಅರ್ಧ ಬೆಳ್ಳಗಾಗಿದೆ.

"ಬರ್ರಿ ಸರ್, ಕುಂದರ್ರಿ. ಪೇಪರಿನ್ಯಾಗ ನೋಡಿದೆ ನಿಮ್ಮನ್ನ. ನನ್ನ ಹೆಸರೂ ಹಾಕ್ಯಾರ, ಗಿರಾಕಿ ಬಂದ್ ಬಂದ್ ಕೇಳ್ತಾರ."

ನಾನು ಕುಳಿತುಕೊಳ್ಳಲಿಲ್ಲ. ಗರಸಿನ ಕಥೆಯನ್ನು ನಿಂತೇ ಹೇಳಿದೆ, ಎಲ್ಲೂ ಬಿಡದೆ. ಅವಳು ತಿರುಗಿ ನೋಡಲಿಲ್ಲ. ತೂತಿನ ಝಾರಿಯಲ್ಲಿ ಖಾರಾ ಎತ್ತಿ, ಎಣ್ಣೆ ಸೋರುವವರೆಗೆ ಹಿಡಿದು, ಬುಟ್ಟಿಗೆ ಹಾಕಿದಳು. ಒಲೆ ಸಣ್ಣ ಮಾಡಿದಳು.

"ಎಷ್ಟು ಅಂದ್ರಿ?"

"ಎಂಟು ಇಂಚು."

ಅವಳು ಹಿಟ್ಟಿನ ಕೈಯನ್ನು ಹೊಗೆ ಹಿಡಿದ ಗೋಡೆಯ ಮೇಲೆ ಗೇಣು ಬಿಡಿಸಿ ಒತ್ತಿದಳು. "ಇಷ್ಟ?"

"ಅಷ್ಟ."

ಕೈ ತೆಗೆದಾಗ ಕರಿ ಗೋಡೆಯ ಮೇಲೆ ಹಳದಿ ಗುರುತು ಉಳಿಯಿತು. ಅವಳು ಅದನ್ನು ನೋಡುತ್ತಾ ನಿಂತಳು. "ಧಾರವಾಡದಿಂದ ಬರೂ ಮುಂದ ಬಸ್ಸಿನ್ಯಾಗ ನೀವು ನನಗ ಏನಂದ್ರಿ, ನೆನಪೈತೇನ್ರಿ?"

"ಐತಿ."

"ಅನ್ರಿ ಹಂಗಾರ."

"ಅಂಜಿಬಿಟ್ಟಿ ನೀ ಅಂದೆ."

"ನಾ ಅಂಜಿದ್ದಿಲ್ರಿ ಸರ್. ಅವತ್ತು ನಾ ಅಂಜಿದ್ದ ಇಲ್ಲ. ನೀವು ಹೇಳಿದ ಮ್ಯಾಲೆ ಅಂಜಿದೆ." ಅವಳ ದನಿ ಏರಲಿಲ್ಲ. "ಬ್ಯಾಂಕಿಗೆ ಗಂಡನ್ನ ಕಳಸ್ತೇನಿ. ಸಂಘದ ಹೆಣ್ಣಮಕ್ಕಳು ಮುಂದ ನಿಂದರಂದ್ರ ಹಿಂದ ಸರಿತೇನಿ. ಅಂಜುಬುರುಕಿ ಅಂತ ನಾನ ನನ್ನ ಮಗಳ ಮುಂದ ಹೇಳ್ಕೊಂಡೇನಿ. ಸರ್ ಹೇಳ್ಯಾರಂದ ಮ್ಯಾಲೆ ಖರೇನ ಇರಬೇಕು ಅಂತ."

ಕ್ಷಮಿಸು ಎಂದೆ ಅನ್ನಿಸುತ್ತದೆ. ಗಟ್ಟಿಯಾಗಿ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಅವಳು ಕೈ ತೊಳೆದುಕೊಂಡು ಬಂದಳು. "ಆ ಹುಡುಗೀಗೆ ಆಯ್ಕೆ ಯಾವಾಗೈತಿ?"

"ಶನಿವಾರ."

"ಹಂಗಾರ ನಾಳೆ ಕರ್ಕೊಂಡು ಬರ್ರಿ. ಟೇಪ್ ತರ್ರಿ."

ಮರುದಿನ ಬೆಳಿಗ್ಗೆ ಹಳೆಯ ಅಂಗಳದಲ್ಲಿ ನಾವು ನಾಲ್ವರು ನಿಂತಿದ್ದೆವು: ಫಕ್ಕೀರವ್ವ, ಭೂಮಿಕಾ, ಶಿಲ್ಪಾ, ನಾನು. ಶಾಲೆಗೆ ಈಗ ಬೇರೆ ಕಡೆ ಸಿಮೆಂಟಿನ ಅಂಗಳವಿದೆ. ಇಲ್ಲಿ ಉಳಿದದ್ದು ಒಂದೇ ಕಂಬ. ಹಲಗೆ ಅರ್ಧ ಉದುರಿದೆ, ರಿಂಗು ಇದೆ, ಬೇವಿನ ಮರವೂ ಇದೆ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಪಕ್ಕದ ತೋಟದಿಂದ ಫಕ್ಕೀರವ್ವ ಎಲೆ ಕೊಯ್ಯುವ ಏಣಿ ತಂದಿದ್ದಳು. ಭೂಮಿಕಾ ಹತ್ತಿ ಟೇಪಿನ ತುದಿಯನ್ನು ರಿಂಗಿಗೆ ಹಿಡಿದಳು. ಕೆಳಗೆ ಫಕ್ಕೀರವ್ವ ಕನ್ನಡಕ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕುಳಿತು ಓದಿದಳು.

"ಹತ್ತು ಅಡಿ. ಎಂಟೂವರಿ ಇಂಚು."

"ಅರ್ಧ ಇಂಚು ಮಳಿ ಒಯ್ದೈತಿ" ಎಂದೆ.

"ಅದಂತೂ ನಿಮ್ಮ ತಪ್ಪಲ್ಲ ಬಿಡ್ರಿ" ಎಂದಳು. ಶಿಲ್ಪಾಗೆ ನಗು ತಡೆಯಲಾಗಲಿಲ್ಲ.

ನಾನು ಭೂಮಿಕಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಚೆಂಡು ತೆಗೆದುಕೊಂಡು ತನ್ನ ರೀತಿಯಲ್ಲೇ ಹಾಕಿ ನೋಡಿದಳು. ರಿಂಗಿನ ಕೆಳಗೆ ಬಡಿಯಿತು. ಮತ್ತೆ ಹಾಕಿದಳು, ಮತ್ತೆ ಬಡಿಯಿತು. ಆರನೆಯ ಸಲ ಚೆಂಡನ್ನು ಬಗಲಲ್ಲಿ ಹಿಡಿದು ಮೇಲೆ ನೋಡಿದಳು.

"ಅಕ್ಕಾರ, ಇದಕ್ಕ ಹೆಂಗ ಹಾಕ್ತಿದ್ರಿ?"

"ಮ್ಯಾಲಿತ್ತವ್ವಾ, ಮ್ಯಾಲೆ ಹಾಕಿದೆ. ನಿಂದು ಕೆಳಗೈತಿ, ನೀ ಕೆಳಗ ಹಾಕು." ಫಕ್ಕೀರವ್ವ ಅವಳ ಕೈಯಿಂದ ಚೆಂಡು ಇಸಿದುಕೊಂಡಳು. "ನನ್ನ ಹಂಗ ಹಾಕಾಕ ಹೋಗಬ್ಯಾಡ. ಹೋದ್ರ ನನ್ನ ಬಾಜೂಕ ಕುಂತು ಖಾರಾ ಮಾರಬೇಕಾಗತೈತಿ, ಗಿರಾಕಿ ಇಬ್ಬರಿಗೆ ಆಗಂಗಿಲ್ಲ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಗೆರೆ ಇದ್ದ ಜಾಗದಲ್ಲಿ ನಿಂತಳು. ಗೆರೆ ಅಳಿಸಿ ಎಷ್ಟೋ ವರ್ಷವಾಗಿದೆ, ಆದರೆ ಸರಿಯಾದ ಜಾಗದಲ್ಲೇ ನಿಂತಳು. ಮೊದಲ ಚೆಂಡು ರಿಂಗು ಮುಟ್ಟಲಿಲ್ಲ. ಎರಡನೆಯದು ಅಂಚಿಗೆ ತಾಗಿ ಹೊರಗೆ ಬಿತ್ತು. ಮೂರನೆಯದು ಎದ್ದಿತು. ಹಲಗೆ ದಾಟಿತು, ಬೇವಿನ ತುದಿಯ ಎಳೆಬಿಸಿಲಿಗೆ ಹೋಗಿ ನಿಂತಿತು. ನಾಲ್ವರೂ ತಲೆ ಎತ್ತಿದ್ದೆವು. ಅದು ಕೆಳಗೆ ಬಂದು ರಿಂಗಿನೊಳಗೆ ಇಳಿದದ್ದನ್ನು ನಾನು ನೋಡಿದೆ. ನೋಡಿದೆನೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ಶನಿವಾರ ಹಾವೇರಿಯಲ್ಲಿ ಭೂಮಿಕಾಳ ಸರದಿ ಬಂದಾಗ ಅವಳ ಕೈ ಇನ್ನೂ ಗಟ್ಟಿಯಾಗಿರಲಿಲ್ಲ. ದೂರದಿಂದಲೇ ಕಾಣುತ್ತಿತ್ತು. ಚೆಂಡು ಹಿಡಿದು ರಿಂಗನ್ನೇ ನೋಡುತ್ತಾ ನಿಂತುಬಿಟ್ಟಳು. ಆಯ್ಕೆಗಾರರು ಗಡಿಯಾರ ನೋಡಿದರು. ಆಗ ನಮ್ಮ ಹಿಂದಿನಿಂದ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ನೇರ ಅಂಗಳದೊಳಗೆ ನಡೆದಳು. ಅವಳು ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಸವಣೂರಿನಲ್ಲಿ ಅಳೆದ ದಿನ ನನ್ನ ಟೇಪು ಫಕ್ಕೀರವ್ವನ ಕೈಯಲ್ಲೇ ಉಳಿದಿತ್ತು.

"ಏ ಅಮ್ಮಾ, ಎಲ್ಲಿ ಬರಾಕತ್ತಿ? ಹೊರಗ ಹೋಗು" ಎಂದರು ಆಯ್ಕೆಗಾರರಲ್ಲಿ ಒಬ್ಬರು.

"ಎರಡು ಮಿನಿಟ್ರಿ ಸಾಹೇಬ್ರ. ರಿಂಗ್ ಅಳೀತೇನಿ."

"ಅದನ್ನ ಅಳದ ಹಾಕಿರ್ತಾರ!"

"ಹೌದ್ರಿ. ನಮ್ಮೂರಾಗೂ ಅಳದ ಹಾಕಿದ್ರು." ಅಂಕ ಬರೆಯುವವರ ಮೇಜನ್ನು ರಿಂಗಿನ ಕೆಳಗೆ ಎಳೆದುಕೊಂಡಳು. "ಹತ್ತವ್ವಾ ಭೂಮಿಕಾ."

ಅಷ್ಟು ಜನ ನೋಡುತ್ತಿದ್ದರು. ಆ ಸಾಹೇಬರು ಎದ್ದು ನಿಂತಿದ್ದರು. ಫಕ್ಕೀರವ್ವ ಯಾರ ಕಡೆಗೂ ನೋಡದೆ ಕನ್ನಡಕ ಹಾಕಿಕೊಂಡು, ಮೇಲೆ ಭೂಮಿಕಾ ತುದಿ ಹಿಡಿದಿದ್ದ ಟೇಪನ್ನು ನೆಲಕ್ಕೆ ತಂದು ಓದಿದಳು. ಅಂಗಳದ ಆ ಕೊನೆಗೂ ಕೇಳುವಂತೆ ಹೇಳಿದಳು.

"ಸರಿಯಾಗಿ ಹತ್ತ ಐತಿ. ನಿಂದ ಹಾಕು ನೀ."

ಮೇಜು ಎಳೆದಿಟ್ಟು, ಬಂದ ದಾರಿಯಲ್ಲೇ ಹೊರಗೆ ಬಂದಳು. ಭೂಮಿಕಾ ಉಸಿರು ಬಿಟ್ಟಳು. ಹಣೆಯ ಮುಂದಿನಿಂದ ಒಂದೇ ಎಸೆತ. ಅವಳ ಮೊದಲ ಚೆಂಡು ಎಷ್ಟು ಬೇಗ ಬಿತ್ತೆಂದರೆ, ಮೇಲೆ ನೋಡಲು ಎತ್ತಿದ ನನ್ನ ತಲೆ ಮೇಲೇ ಉಳಿಯಿತು. ಉಳಿದವೂ ಹಾಗೇ ಬಿದ್ದವು, ಒಂದನ್ನು ಬಿಟ್ಟು. ಈಗ ಅವಳು ಕ್ರೀಡಾ ವಸತಿ ಶಾಲೆಯಲ್ಲಿದ್ದಾಳೆ.

ಪತ್ರಕರ್ತ ಮತ್ತೆ ಫೋನ್ ಮಾಡಿದ್ದ. "ಈಗರ ಹೇಳ್ರಿ ಸರ್, ಇಬ್ಬರಾಗ ಯಾರು ದೊಡ್ಡವರು?" ಒಬ್ಬಳ ರಿಂಗು ಹತ್ತು ಅಡಿ, ಇನ್ನೊಬ್ಬಳದು ಹತ್ತು ಅಡಿ ಎಂಟು ಇಂಚು, ಬರೆದುಕೊಳ್ರಿ ಎಂದೆ. ಅವನು ಬರೆದುಕೊಂಡ ಹಾಗೆ ಕಾಣಲಿಲ್ಲ. ಅದಕ್ಕೇ ಇಲ್ಲಿ ನಾನೇ ಬರೆದೆ.

ಹೊಸದಾಗಿ ಸೇರುವವರು ಟೇಪು ಕೊಳ್ಳಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಅಳೆಯುವವರೆಗೆ ಯಾವ ಹುಡುಗಿಗೂ ಅಂಜಿದಿ ಎಂದು ಹೇಳಬೇಡಿ. ನನ್ನ ಟೇಪು ಕೇಳಬೇಡಿ, ಅದು ನನ್ನಲ್ಲಿಲ್ಲ. ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಾಗ ಫಕ್ಕೀರವ್ವ, "ನನ್ನ ಕಡೇನ ಇರಲಿ ಬಿಡ್ರಿ ಸರ್" ಎಂದು ಚೀಲಕ್ಕೆ ಹಾಕಿಕೊಂಡಳು. ಸವಣೂರಿಗೆ ಹೋದರೆ ನೋಡಬಹುದು. ಖಾರದ ಅಂಗಡಿಯ ಕರಿ ಗೋಡೆಯ ಮೇಲೆ, ಆ ಹಳದಿ ಕೈಗುರುತಿನ ಪಕ್ಕದಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿದ್ದಾಳೆ.